ಭಾನುವಾರದ ಕಾರವಾರ–ಅಂಕೋಲಾ ಸೈಕಲ್ ರೈಡ್: ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಟಾಗೋರ್ ಕಡಲತೀರದಿಂದ ಹೊರಡುತ್ತೇವೆ. ಅಂಕೋಲಾಕ್ಕೆ ಸುಮಾರು 35 ಕಿ.ಮೀ. ಅಲ್ಲಿ ತಿಂಡಿ, ಮತ್ತೆ ವಾಪಸ್.

ಈ ಸಲ ಮುಂದೆ ಇರುವವರು ಹೊಸಬರು, ಹಾಗಾಗಿ ಅವರಿಗೆ ಒಂದು ಮಾತು. ವೇಗ ನಿಮ್ಮದಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರದ್ದು. ಪ್ರತಿ ಏರಿನ ತುದಿಯಲ್ಲಿ ಕಾಯಿರಿ. ಕೊನೆಯವರು ಬಂದು ಮುಟ್ಟಿದ ತಕ್ಷಣ ಹೊರಟುಬಿಡಬೇಡಿ. ಅವರಿಗೂ ನೀರು ಕುಡಿಯಲು, ಉಸಿರು ತೆಗೆದುಕೊಳ್ಳಲು ಸಮಯ ಬೇಕು ಅಲ್ವಾ? ಗಟ್ಟಿಗರಿಗೆ ಮಾತ್ರ ವಿಶ್ರಾಂತಿ ಸಿಕ್ಕರೆ ದಣಿದವರು ಮುಂದಿನ ವಾರ ಬರುವುದೇ ಇಲ್ಲ. ಇದು ನನಗೆ ತುಂಬಾ ಮುಖ್ಯ.

ಗುಂಡಿ ಕಂಡರೆ ಕೈಯಲ್ಲಿ ತೋರಿಸಿ, ಬಾಯಲ್ಲೂ ಕೂಗಿ. ಹಿಂದಿನವರಿಗೆ ನಿಮ್ಮ ಬೆನ್ನು ಬಿಟ್ಟರೆ ಜಾಸ್ತಿ ಏನೂ ಕಾಣುವುದಿಲ್ಲ. ಮುಂದೆ ಇದ್ದುಕೊಂಡು ದಿಢೀರ್ ಬ್ರೇಕ್ ಹಾಕಬೇಡಿ. ಹೆದ್ದಾರಿ 66ರಲ್ಲಿ ಎಡಗಡೆ ಒಂದೇ ಸಾಲು. ಬಿಣಗಾ ಕಡೆಯ ಸುರಂಗದೊಳಗೆ ಹಿಂದಿನ ಕೆಂಪು ದೀಪ ಉರಿಯುತ್ತಿರಲೇಬೇಕು. ಅರ್ಗಾ ನೌಕಾನೆಲೆ ಹತ್ತಿರ ಫೋಟೋ ಬೇಡ.

ವಾಪಸ್ ಬರುವಾಗ ಹೊತ್ತು ಏರಿದಂತೆ ಕಡಲಗಾಳಿ ಎದುರಾಗುತ್ತದೆ. ಒಬ್ಬರೇ ಮುಂದೆ ನಿಂತು ಗಾಳಿ ತಿನ್ನಬಾರದು. ಕೆಲವು ನಿಮಿಷಕ್ಕೊಮ್ಮೆ ಸರದಿ ಬದಲಿಸಿ. ಸರಿದು ಹಿಂದೆ ಹೋಗುವ ಮೊದಲು ಟ್ರಾಫಿಕ್ ನೋಡಿ. ಹೊಸಬರು ಮುಂದಿನ ಚಕ್ರಕ್ಕೆ ತೀರಾ ಅಂಟಿಕೊಳ್ಳದೆ ಒಂದು ಸೈಕಲ್ ಉದ್ದ ಬಿಡಿ.

ಪಂಪ್, ಟ್ಯೂಬ್ ಇಟ್ಟುಕೊಂಡು ಕೊನೆಯಲ್ಲಿ ನಾನಿರುತ್ತೇನೆ. ನನ್ನ ಹಿಂದೆ ಯಾರೂ ಉಳಿಯಬಾರದು. ಮಧ್ಯದಲ್ಲೇ ಮನೆಗೆ ಹೋಗುವವರು ಹೇಳಿ ಹೋಗಿ, ಸುಮ್ನೆ ಹುಡುಕುವ ಹಾಗಾಗಬಾರದು.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಹೆಲ್ಮೆಟ್ ಕಡ್ಡಾಯ.