ತನ್ನಿ ಅಂದವರೂ ನೀವೇ, ತಂದಿಲ್ಲ ಅಂತ ಬರೆದವರೂ ನೀವೇ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಗುಂಪು ಪ್ರವಾಸದಲ್ಲಿ ವಿಶೇಷ ಆಹಾರಕ್ಕೆಂದು ಹಣ ಪಡೆದು ವ್ಯವಸ್ಥೆ ಮಾಡದಿರುವುದು ಮತ್ತು ಪ್ರಯಾಣಿಕರ ಹೆಸರಿನಲ್ಲಿ ತಪ್ಪು ಘೋಷಣೆ ಬರೆದಿರುವುದು.

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಹಿರಿಯ ನಾಗರಿಕರ ಪ್ರವಾಸದಲ್ಲಿ ನಾನು ಮತ್ತು ನನ್ನ ತಾಯಿ ಬಂದಿದ್ದೆವು. ಹೋಟೆಲ್, ಬಸ್, ನೋಡಿದ ಜಾಗಗಳ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ಈ ಪತ್ರ ಪೂರ್ತಿ ಊಟದ ಬಗ್ಗೆ, ಅದರಲ್ಲೂ ಊಟ ಗಡಿ ದಾಟುವ ವಿಷಯದ ಬಗ್ಗೆ.

ಅಮ್ಮನಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿಗೆ ಪೆಟ್ಟು ಬೀಳುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ. ‘ಸ್ವಲ್ಪ ತಿಂದರೆ ಏನಾಗಲ್ಲ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇದನ್ನೆಲ್ಲ ಬುಕ್ ಮಾಡುವಾಗಲೇ ವೈದ್ಯರ ಪತ್ರದ ಸಮೇತ ನಿಮಗೆ ಕೊಟ್ಟಿದ್ದೆ. ‘ವಿಶೇಷ ಆಹಾರ ವ್ಯವಸ್ಥೆ’ ಎಂಬ ಹೆಸರಿನಲ್ಲಿ ನೀವು 9,500 ರೂಪಾಯಿ ಜಾಸ್ತಿ ಪಡೆದಿರಿ. ‘ಊಟದ ಚಿಂತೆ ಬಿಡಿ’ ಎಂದು ಇಮೇಲ್‌ನಲ್ಲಿ ಬರೆದಿರಿ. ಎರಡರ ಪ್ರತಿಯೂ ಲಗತ್ತಿಸಿದ್ದೇನೆ.

ಆಮೇಲೆ ನಿಮ್ಮ ಕೈಪಿಡಿ ಬಂತು. ‘ಮನೆ ಊಟ ಬೇಕಾದವರು ಅಕ್ಕಿ, ಬೇಳೆ, ಜೀರಿಗೆ, ಧನಿಯ, ಒಣಮೆಣಸಿನಕಾಯಿ, ಪೇಡ, ಬರ್ಫಿ ತಂದುಕೊಳ್ಳಿ, ಪುಟ್ಟ ಕುಕ್ಕರ್ ಇದ್ದರೆ ಒಳ್ಳೆಯದು, ಮನೆಯಲ್ಲಿ ಮಾಡಿದ ಪದಾರ್ಥಕ್ಕೆ ತೊಂದರೆ ಇಲ್ಲ’ ಎಂದು ಅದರಲ್ಲಿ ಅಚ್ಚಾಗಿದೆ. ಅಂದರೆ ವಿಶೇಷ ಊಟದ ದುಡ್ಡು ನಿಮ್ಮದು, ಅಡುಗೆ ನಮ್ಮದು. ಅಮ್ಮ ಪಾಪ ಅದನ್ನು ನಂಬಿ ಸೋನಾಮಸೂರಿ, ತೊಗರಿಬೇಳೆ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲವನ್ನೂ ಕಟ್ಟಿಕೊಂಡರು. ಅಂಗಡಿಯ ಸಾಂಬಾರ್ ಪುಡಿಯನ್ನು ನಾವು ಬಳಸುವುದಿಲ್ಲ. ಅದಕ್ಕೆ ಹಾಕುವ ಹಿಂಗು ಹೆಚ್ಚಿನ ಸಲ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿದ್ದು. ಆದ್ದರಿಂದ ಹಿಂಗಿಲ್ಲದ ಪುಡಿಯನ್ನೂ ಮನೆಯಲ್ಲೇ ಮಾಡಿಕೊಂಡೆವು.

ಈಗ ನಿಮ್ಮ ಕೈಪಿಡಿಯನ್ನು ಆಸ್ಟ್ರೇಲಿಯಾದ ನಿಯಮದ ಪಕ್ಕ ಇಟ್ಟು ನೋಡೋಣ. ಖಾಪ್ರಾ ಬೀಟಲ್ ಎಂಬ ಹುಳ ಇದೆ. ಕಾಳುಕಡ್ಡಿ ತಿನ್ನುವ ಪುಟ್ಟ ಹುಳ. ಮೂಲ ನಮ್ಮ ಭಾರತದ ಕಡೆಯದೇ. ಇದರ ಮರಿಗಳು ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲವು. ಒಮ್ಮೆ ಗೋದಾಮಿಗೆ ಹೊಕ್ಕರೆ ಹೊರಹಾಕುವುದು ಬಹಳ ಕಷ್ಟ. ಆಸ್ಟ್ರೇಲಿಯಾದಲ್ಲಿ ಇದು ನೆಲೆಸಿಲ್ಲ. ನೆಲೆಸಿದರೆ ಅವರ ಗೋಧಿ ರಫ್ತಿಗೇ ಕುತ್ತು. ಅದಕ್ಕೇ 2020ರ ಅಕ್ಟೋಬರ್ 15ರಿಂದ ಪ್ರಯಾಣಿಕರ ಲಗೇಜಿನಲ್ಲಿ ಅಕ್ಕಿ, ತೊಗರಿ, ಹೆಸರು, ಕಡಲೆ, ಧನಿಯ, ಜೀರಿಗೆ, ಒಣಮೆಣಸಿನಕಾಯಿ ತರುವುದನ್ನೇ ಅವರು ನಿಲ್ಲಿಸಿದ್ದಾರೆ. ಯಾವ ದೇಶದಿಂದ ಬಂದರೂ ಅಷ್ಟೇ. ಕಾರ್ಖಾನೆಯಲ್ಲಿ ಹುರಿದು, ಕರಿದು, ಬೇಯಿಸಿ ಪ್ಯಾಕ್ ಮಾಡಿದ್ದಕ್ಕೆ ವಿನಾಯಿತಿ ಉಂಟು. ಇನ್ನು ಪೇಡ, ಬರ್ಫಿ, ರಸಗುಲ್ಲದಂಥ ಹಾಲಿನ ಸಿಹಿ ತರಬೇಡಿ ಎಂದು ದೀಪಾವಳಿ ಹೊತ್ತಿಗೆ ಅಲ್ಲಿನ ಕೃಷಿ ಇಲಾಖೆಯೇ ಭಾರತೀಯರಿಗೆ ಪ್ರಕಟಣೆ ಕೊಡುತ್ತದೆ. ಅದು ಕಾಲುಬಾಯಿ ಜ್ವರದ ಭಯಕ್ಕೆ.

ನಿಮ್ಮ ಪಟ್ಟಿಯಲ್ಲಿರುವುದೂ ಅವರು ಬೇಡ ಅಂದಿರುವುದೂ ಹೆಚ್ಚುಕಮ್ಮಿ ಒಂದೇ. ಒಬ್ಬರು ಕೂತು ಬೇಕಂತಲೇ ಆರಿಸಿದರೂ ಇಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ.

ವಿಮಾನದಲ್ಲಿ ಇನ್ನೊಂದು ಪಾಡು. ಗ್ಲುಟೆನ್ ಇಲ್ಲದ ಊಟಕ್ಕೆ ವಿಮಾನ ಸಂಸ್ಥೆಗಳಲ್ಲಿ ಬೇರೆಯೇ ಕೋಡ್ ಇದೆ, ಜಿಎಫ್‌ಎಂಎಲ್ ಎಂದು. ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮುಂಚೆ ಹೇಳಿಡಬೇಕು. ಗುಂಪಿನ ಟಿಕೆಟ್ ನಿಮ್ಮ ಕೈಯಲ್ಲಿತ್ತು, ನಾನು ಕೇಳಿದಾಗ ‘ನಾವೇ ಹಾಕಿಸುತ್ತೇವೆ’ ಎಂದಿರಿ. ನೀವು ಹಾಕಿಸಿದ್ದು ಎಲ್ಲರಿಗೂ ಒಂದೇ ಕೋಡ್, ಭಾರತೀಯ ಸಸ್ಯಾಹಾರ. ತಟ್ಟೆಯಲ್ಲಿ ಪರೋಟ ಬಂತು. ಗಗನಸಖಿ ಹುಡುಕಾಡಿ ಎರಡು ಸೇಬು ತಂದುಕೊಟ್ಟರು. ಅಮ್ಮ ಒಂದು ತಿಂದರು. ‘ಇನ್ನೊಂದು ಬ್ಯಾಗಿಗೆ ಹಾಕ್ಕೊಳ್ಳಿ ಅಮ್ಮಾ, ರಾತ್ರಿಗೆ ಆಗುತ್ತೆ’ ಎಂದು ನಿಮ್ಮ ಟೂರ್ ಮ್ಯಾನೇಜರ್ ಸಲಹೆ ಕೊಟ್ಟರು. ವಿಮಾನದಲ್ಲಿ ಕೊಟ್ಟ ಹಣ್ಣನ್ನು ಕೆಳಗೆ ಇಳಿಸುವಂತಿಲ್ಲ ಎಂಬುದು ಆ ದೇಶಕ್ಕೆ ಒಮ್ಮೆ ಹೋಗಿಬಂದವರಿಗೂ ಗೊತ್ತು.

ಮೆಲ್ಬರ್ನ್ ಹತ್ತಿರವಾದಾಗ, ಏನೇನು ತಂದಿದ್ದೇವೆ ಎಂದು ಬರೆದುಕೊಡುವ ಇನ್‌ಕಮಿಂಗ್ ಪ್ಯಾಸೆಂಜರ್ ಕಾರ್ಡ್ ಹಂಚಿದರು. ನಿಮ್ಮ ಮ್ಯಾನೇಜರ್ ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡು ಕಾರ್ಡುಗಳನ್ನು ತಾವೇ ತುಂಬಿ, ಸಹಿ ಹಾಕಿ ಎಂದು ವಾಪಸ್ ಕೊಟ್ಟರು. ಗುಂಪಿನಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಓದುವ ಅಭ್ಯಾಸ ಇಲ್ಲ. ಸಹಾಯ ಮಾಡುತ್ತಿದ್ದಾರೆ ಎಂದೇ ಎಲ್ಲರೂ ಅಂದುಕೊಂಡರು. ಅಮ್ಮನ ಕಾರ್ಡ್ ತಿರುಗಿಸಿ ನೋಡಿದರೆ ಹಾಲು, ಹಣ್ಣು, ತರಕಾರಿ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’. ಧಾನ್ಯ, ಬೀಜ ಇದೆಯೇ ಎಂಬ ಪ್ರಶ್ನೆಗೂ ‘ಇಲ್ಲ’. ಪಕ್ಕದವರ ಕಾರ್ಡಿನಲ್ಲೂ ಅದೇ. ಯಾಕೆ ಹೀಗೆ ಎಂದು ಕೇಳಿದೆ. ‘ಹೌದು ಅಂತ ಹಾಕಿದರೆ ಬೇರೆ ಸಾಲು ಮೇಡಂ, ಬಸ್ ಕಾಯುತ್ತೆ, ಸುಮ್ನೆ ಲೇಟಾಗುತ್ತೆ’ ಎಂದರು.

ನನ್ನ ದೂರಿನ ತಿರುಳು ಇದು. ಅಕ್ಕಿ ತನ್ನಿ ಎಂದು ಅಚ್ಚು ಹಾಕಿಸಿದ್ದು ನಿಮ್ಮ ಸಂಸ್ಥೆ. ಅಕ್ಕಿ ತಂದಿಲ್ಲ ಎಂದು ಬರೆದದ್ದು ನಿಮ್ಮ ಸಂಸ್ಥೆಯ ಸಿಬ್ಬಂದಿ. ನಡುವೆ ಸಹಿ ಮಾತ್ರ ನನ್ನ ತಾಯಿಯದು. ಸಹಿ ಯಾರದೋ ದಂಡ ಅವರದೇ. 2019ರ ಏಪ್ರಿಲ್‌ನಿಂದ ಇಂಥ ತಪ್ಪು ಗಂಭೀರವಾಗಿದ್ದರೆ ಪ್ರವಾಸಿ ವೀಸಾವನ್ನೇ ರದ್ದು ಮಾಡಿ ವಾಪಸ್ ಕಳಿಸುವ ಅಧಿಕಾರ ಅಲ್ಲಿನವರಿಗೆ ಇದೆ. ಅದೇ ವರ್ಷ ಸಿಡ್ನಿಯಲ್ಲಿ ವಿಯೆಟ್ನಾಂನ ಒಬ್ಬ ಮಹಿಳೆಗೆ ಹಾಗೆ ಆಗಿತ್ತು. ಅಷ್ಟು ದೂರದ ಉದಾಹರಣೆಯೂ ಬೇಡ. ಕನ್ನಡ ಚಿತ್ರಗಳಲ್ಲೂ ನಟಿಸಿರುವ ಮಲಯಾಳಂ ನಟಿ ನವ್ಯಾ ನಾಯರ್ ಅವರಿಗೆ ಓಣಂ ಕಾರ್ಯಕ್ರಮಕ್ಕೆ ಹೋದಾಗ ಇದೇ ಮೆಲ್ಬರ್ನ್‌ನಲ್ಲಿ ತುಂಡು ಮಲ್ಲಿಗೆ ಮಾಲೆಗೆ 1,980 ಡಾಲರ್ ದಂಡ ಬಿತ್ತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಮೇಲೆ. 2025ರ ಸೆಪ್ಟೆಂಬರ್‌ನಲ್ಲಿ ಕನ್ನಡ ಪತ್ರಿಕೆಗಳಲ್ಲೂ ಬಂದ ಸುದ್ದಿ. ಪ್ರವಾಸವನ್ನೇ ವ್ಯಾಪಾರ ಮಾಡಿಕೊಂಡ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ನಾನು ಅಮ್ಮನ ಕಾರ್ಡಿನಲ್ಲೂ ನನ್ನ ಕಾರ್ಡಿನಲ್ಲೂ ಹೊಡೆದುಹಾಕಿ ‘ಹೌದು’ ಎಂದು ಗುರುತು ಮಾಡಿದೆ. ಸೇಬನ್ನು ಸೀಟಿನಲ್ಲೇ ಬಿಟ್ಟೆವು. ಕೌಂಟರಿನಲ್ಲಿದ್ದ ಅಧಿಕಾರಿ ಒಳ್ಳೆಯವರು. ಒಂದೊಂದೇ ಡಬ್ಬ ತೆಗೆಸಿ, ಏನೆಂದು ಕೇಳಿ, ಅಕ್ಕಿ, ಬೇಳೆ, ಜೀರಿಗೆ, ಮೆಣಸಿನಕಾಯಿ, ಪುಡಿ, ಪೇಡ ಎಲ್ಲವನ್ನೂ ಕಸದ ತೊಟ್ಟಿಗೆ ಹಾಕಿದರು. ಅಂಗಡಿ ಪ್ಯಾಕೆಟ್ಟಿನ ಬಾಳೆಕಾಯಿ ಚಿಪ್ಸ್ ಮತ್ತು ಕಾಫಿ ಪುಡಿ ವಾಪಸ್ ಕೊಟ್ಟರು. ಒಂದು ಪೈಸೆ ದಂಡ ಇಲ್ಲ. ಹೇಳಿಕೊಂಡು ತಂದದ್ದಕ್ಕೆ ಅಲ್ಲಿ ದಂಡ ಹಾಕುವುದಿಲ್ಲ, ಬಚ್ಚಿಟ್ಟದ್ದಕ್ಕೆ ಹಾಕುತ್ತಾರೆ.

ನಮ್ಮ ಗುಂಪಿನ ಇನ್ನೊಬ್ಬ ಹಿರಿಯರಿಗೆ ಆ ಅದೃಷ್ಟ ಇರಲಿಲ್ಲ. ಅವರ ಚೀಲದ ಪಕ್ಕ ವಿಮಾನ ನಿಲ್ದಾಣದ ಪತ್ತೆ ನಾಯಿ ಬಂದು ಕೂತಿತು. ವಾಸನೆ ಸಿಕ್ಕರೆ ಅದು ಬೊಗಳುವುದಿಲ್ಲ, ಸುಮ್ಮನೆ ಕೂರುತ್ತದೆ. ಒಳಗೆ ಮಾವಿನ ಹಣ್ಣು, ಅಕ್ಕಿ. ಕಾರ್ಡಿನಲ್ಲಿ ‘ಇಲ್ಲ’. ದಂಡದ ಚೀಟಿ ಕೈಗೆ ಬಂದಾಗ ನಿಮ್ಮ ಮ್ಯಾನೇಜರ್ ಹೇಳಿದ ಮಾತು: ‘ಸಹಿ ನಿಮ್ಮದೇ ಅಲ್ವಾ ಸಾರ್?’ ಅವರು ಪ್ರತ್ಯೇಕವಾಗಿ ನಿಮಗೆ ಬರೆಯುತ್ತಾರೆ. ನಾನು ನೋಡಿದ್ದನ್ನು ಸಾಕ್ಷಿಯಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಚೀಲ ಖಾಲಿಯಾದ ಮೇಲಾದರೂ ನೀವು ಹಣ ಪಡೆದ ವ್ಯವಸ್ಥೆ ಶುರುವಾಗಬೇಕಿತ್ತು. ಅಲ್ಲಿ ನಡೆದದ್ದು ಬೇರೆ. ರಾತ್ರಿ ಭಾರತೀಯ ಹೋಟೆಲಿನ ಬಫೆ. ನಾನ್ ಹಿಡಿದ ಚಿಮಟವೇ ಅನ್ನದ ಪಾತ್ರೆಯಲ್ಲೂ. ಸಾಂಬಾರಿಗೆ ಯಾವ ಹಿಂಗು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಉಪ್ಪಿಟ್ಟು. ‘ಚಪಾತಿ ಬೇಡ ಅಂದಿದ್ದಕ್ಕೆ ಉಪ್ಪಿಟ್ಟು ಹೇಳಿದ್ದೀನಿ, ಅದರಲ್ಲಿ ಗೋಧಿ ಇಲ್ಲ, ರವೆ ಅಷ್ಟೇ’ ಎಂದರು ನಿಮ್ಮ ಮ್ಯಾನೇಜರ್. ರವೆ ಯಾವುದರಿಂದ ಆಗುತ್ತದೆ ಎಂದು ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಯಿತು. ವಿಶೇಷ ಆಹಾರದ ಹೊಣೆ ಹೊತ್ತ ವ್ಯಕ್ತಿಯ ತಿಳಿವಳಿಕೆ ಇಷ್ಟು! ಅಮ್ಮ ಬಹಳ ಹೊತ್ತು ಬಾಳೆಹಣ್ಣು, ಮೊಸರಿನಲ್ಲೇ ಕಳೆದರು. ಒಂದು ರಾತ್ರಿ ಬಫೆಯ ಅನ್ನ–ಸಾಂಬಾರ್ ತಿಂದು ಮರುದಿನ ಹೊಟ್ಟೆ ಕೆಟ್ಟು ಹೋಟೆಲ್ ಬಿಟ್ಟು ಹೊರಗೆ ಬರಲಿಲ್ಲ. ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್ ಬೆಟ್ಟಸಾಲು ನೋಡುವ ದಿನ ಅದು.

ಹೊಟ್ಟೆ ಉರಿಯುವುದು ಇದಕ್ಕೆ: ಸೀಲಿಯಾಕ್ ಇದ್ದವರಿಗೆ ಆಸ್ಟ್ರೇಲಿಯಾದಷ್ಟು ಅನುಕೂಲದ ದೇಶ ಕಡಿಮೆ. ಡಬ್ಬದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಪರೀಕ್ಷೆಯಲ್ಲಿ ಗ್ಲುಟೆನ್ ಕಾಣಲೇಬಾರದು. ನಮ್ಮಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಸಾಕು. ಕೋಲ್ಸ್, ವೂಲ್‌ವರ್ತ್ಸ್‌ನಂಥ ಅಂಗಡಿಗಳಲ್ಲಿ ಇಂಥ ಬ್ರೆಡ್, ಬಿಸ್ಕತ್ತು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಅಕ್ಕಿ, ಬೇಳೆಗೂ ಬರ ಇಲ್ಲ. ಮೆಲ್ಬರ್ನ್ ಹತ್ತಿರದ ಡ್ಯಾಂಡಿನಾಂಗ್‌ನಲ್ಲಿ ‘ಲಿಟಲ್ ಇಂಡಿಯಾ’ ಎಂದೇ ಕರೆಯುವ ಬೀದಿ ಇದೆ. ಸಿಡ್ನಿಯ ಹ್ಯಾರಿಸ್ ಪಾರ್ಕ್‌ಗಂತೂ ನೀವೇ ಊಟಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದಿರಿ. ಅಕ್ಕಪಕ್ಕ ನಮ್ಮವರ ದಿನಸಿ ಅಂಗಡಿಗಳು. ಹತ್ತು ನಿಮಿಷ ನಿಲ್ಲಿಸಿ ಎಂದರೆ ‘ಶೆಡ್ಯೂಲ್‌ನಲ್ಲಿ ಇಲ್ಲ’ ಎಂದರು. ಮರುದಿನ ಬೆಳಿಗ್ಗೆ ನಾನೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ಅಕ್ಕಿ, ಹೆಸರುಬೇಳೆ ತಂದೆ. ಆಮೇಲೆ ಅಮ್ಮ ಕುಕ್ಕರಿನಲ್ಲಿ ಹುಗ್ಗಿ ಮಾಡಿಕೊಂಡು ಹೊಟ್ಟೆ ತುಂಬ ತಿಂದರು. ಟ್ಯಾಕ್ಸಿ ಮತ್ತು ದಿನಸಿಯ ಬಿಲ್ಲು ಲಗತ್ತಿಸಿದೆ.

ಎರಡನೇ ಗಡಿ ನ್ಯೂಜಿಲೆಂಡ್. ಅಲ್ಲಿ ಈಗ ಮೊಬೈಲಿನಲ್ಲೇ ಘೋಷಣೆ ತುಂಬಬಹುದು, ಶುಲ್ಕ ಇಲ್ಲ, ಬೇರೆಯವರ ಪರವಾಗಿಯೂ ತುಂಬಬಹುದು. ನಿಮ್ಮ ಕಚೇರಿ ಎಲ್ಲರದ್ದನ್ನೂ ಹಿಂದಿನ ದಿನವೇ ತುಂಬಿ ಮುಗಿಸಿತ್ತು. ಆಹಾರ ಇದೆಯೇ ಎಂಬಲ್ಲಿ ಮತ್ತೆ ‘ಇಲ್ಲ’! ಮೆಲ್ಬರ್ನ್‌ನಲ್ಲಿ ಅಷ್ಟೆಲ್ಲ ಆದ ಮೇಲೂ. ಆ ದೇಶದಲ್ಲಿ ಹೇಳದೆ ತಂದ ನಿಷಿದ್ಧ ಪದಾರ್ಥಕ್ಕೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಮರೆತೆ ಎಂದರೂ ಬಿಡುವುದಿಲ್ಲ. ಗುಂಪಿನಲ್ಲಿ ಕೆಲವರು ಆಸ್ಟ್ರೇಲಿಯಾದ ಜೇನುತುಪ್ಪದ ಬಾಟಲಿ ಕೊಂಡಿದ್ದರು. ಜೇನು ನ್ಯೂಜಿಲೆಂಡಿನ ಒಳಗೆ ಹೋಗುವಂತೆಯೇ ಇಲ್ಲ. ಅದನ್ನೂ ಯಾರೂ ಮುಂಚೆ ಹೇಳಿರಲಿಲ್ಲ. ನಾನು ಹಟ ಹಿಡಿದು ನಮ್ಮಿಬ್ಬರ ಘೋಷಣೆ ತಿದ್ದಿಸಿದೆ. ಅಕ್ಕಿ–ಬೇಳೆ ಖಾಲಿ ಮಾಡಿ, ಸಿಡ್ನಿಯಲ್ಲಿ ಕೊಂಡ ಗ್ಲುಟೆನ್ ಇಲ್ಲದ ಬಿಸ್ಕತ್ತು, ಬ್ರೆಡ್ ಮಾತ್ರ ಇಟ್ಟುಕೊಂಡಿದ್ದೆವು. ಆಕ್ಲೆಂಡ್‌ನಲ್ಲಿ ಅಧಿಕಾರಿ ಪ್ಯಾಕೆಟ್ ನೋಡಿ, ವೈದ್ಯರ ಪತ್ರದ ಕಡೆ ಕಣ್ಣಾಡಿಸಿ, ಹೋಗಿ ಎಂದರು. ಬಸ್ಸು ನಮಗಾಗಿ ಕಾಯಲಿಲ್ಲ, ನಾವೇ ಬಸ್ಸಿಗಾಗಿ ಕಾದೆವು.

ಇನ್ನೊಂದು ಮಾತು, ನಮ್ಮ ಪ್ರವಾಸಕ್ಕೆ ಸಂಬಂಧ ಇಲ್ಲದಿದ್ದರೂ ಹೇಳಲೇಬೇಕು. ಇದೇ ಕೈಪಿಡಿಯನ್ನು ದುಬೈ ಗುಂಪಿಗೂ ಕೊಡುತ್ತೀರಿ ಎಂದು ಸಹಪ್ರಯಾಣಿಕರೊಬ್ಬರು ತೋರಿಸಿದರು. ಅದರ ‘ಸಿಹಿ ಅಡುಗೆಗೆ’ ಎಂಬ ಸಾಲಿನಲ್ಲಿ ಗಸಗಸೆ ಇದೆ. ಅದು ಅಫೀಮು ಗಿಡದ ಬೀಜ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಸಿಂಗಪುರಕ್ಕೂ ತರುವಂತಿಲ್ಲ. ಅಲ್ಲಿ ಸಿಕ್ಕಿಬಿದ್ದರೆ ಡಬ್ಬ ಕಸಕ್ಕೆ ಹಾಕಿ ಕಳಿಸುತ್ತಾರೆ ಎಂದು ನಂಬಿ ಕೂರುವ ಹಾಗಿಲ್ಲ. ಯಾರದೋ ಅಜ್ಜಿ ಪಾಯಸದ ಆಸೆಗೆ ಪೊಲೀಸ್ ಠಾಣೆ ಹತ್ತುವ ಮೊದಲು ಆ ಸಾಲನ್ನು ಇವತ್ತೇ ತೆಗೆಯಿರಿ. ನನ್ನ ಪತ್ರಕ್ಕೆ ಉತ್ತರ ಆಮೇಲೆ ಬಂದರೂ ಪರವಾಗಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ವಿಶೇಷ ಆಹಾರಕ್ಕೆಂದು ಪಡೆದ 9,500 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಟ್ಯಾಕ್ಸಿ, ದಿನಸಿಯ ಖರ್ಚು ಮತ್ತು ಅಮ್ಮ ಹೋಗಲಾಗದ ಬ್ಲೂ ಮೌಂಟನ್ಸ್ ದಿನದ ಹಣವೂ ಸೇರಬೇಕು. ಕೈಪಿಡಿಯನ್ನು ದೇಶಕ್ಕೊಂದರಂತೆ ಬೇರೆಬೇರೆ ಮಾಡಿ, ಕನ್ನಡದಲ್ಲೂ ಕೊಡಿ. ಆಯಾ ದೇಶದ ಸರ್ಕಾರಿ ಜಾಲತಾಣ ನೋಡಿದರೆ ಏನು ತರಬಹುದು ಎಂದು ಪುಕ್ಕಟೆಯಾಗಿ ಸಿಗುತ್ತದೆ. ನಿಮ್ಮ ಸಿಬ್ಬಂದಿ ಪ್ರಯಾಣಿಕರ ಕಾರ್ಡ್ ತುಂಬುವುದಾದರೆ ಪ್ರತಿ ಪ್ರಶ್ನೆಯನ್ನೂ ಓದಿ ಹೇಳಿ, ಉತ್ತರ ಕೇಳಿ ತುಂಬಲಿ. ಆಗದಿದ್ದರೆ ಪೆನ್ನು ಮುಟ್ಟದಿರಲಿ. ವಿಶೇಷ ಊಟ ಕೇಳಿದವರಿಗೆ ವಿಮಾನ ಸಂಸ್ಥೆ ಒಪ್ಪಿದ ಕೋಡ್ ಬರಹದಲ್ಲಿ ಮುಂಚೆಯೇ ಸಿಗಲಿ. ಇಳಿದ ದಿನವೇ ಒಂದು ದಿನಸಿ ಅಂಗಡಿ ಮುಂದೆ ಬಸ್ ನಿಲ್ಲಲಿ. ಇದಕ್ಕೆ ನಿಮಗೆ ಖರ್ಚೇನೂ ಇಲ್ಲ.

ಮೂವತ್ತು ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ಹೂಡಬಹುದು ಎಂದು ಆ ಕಾಯ್ದೆ ಹೇಳುತ್ತದೆ. ಆದ್ದರಿಂದ ‘ಬೆಂಗಳೂರಿಗೆ ಬನ್ನಿ’ ಎಂಬ ಉತ್ತರ ಬೇಡ.

ಲಗತ್ತು: ವೈದ್ಯರ ಪತ್ರ, ಹಣ ಪಾವತಿ ರಸೀದಿ, ನಿಮ್ಮ ಇಮೇಲ್, ಕೈಪಿಡಿಯ ಆಹಾರ ಪುಟ, ನಿಮ್ಮವರು ತುಂಬಿ ನಾನು ತಿದ್ದಿದ ಕಾರ್ಡಿನ ಫೋಟೋ, ಬಿಲ್ಲುಗಳು.

ಇಂತಿ,
ನಿಮ್ಮ ಗ್ರಾಹಕಿ
ಮೈಸೂರು