ಕೈ ನಡುಗುವ ವಿಷಯ

ಚಿ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ವಿಷಯಕ್ಕೆ ಆಮೇಲೆ ಬರೆಯುತ್ತೇನೆ. ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: "ಮೈಕ್ ಮುಂದೆ ನಿಂತರೆ ಕೈ ನಡುಗುತ್ತದೆ, ಎಲ್ಲರಿಗೂ ಅದು ಕಾಣುತ್ತದೆ." ನಡುಕಕ್ಕಿಂತ ಅದು ಕಂಡುಬಿಡುತ್ತದೆ ಎನ್ನುವುದೇ ನಿನ್ನನ್ನು ಹೆಚ್ಚು ಕಾಡುತ್ತಿರುವ ಹಾಗಿದೆ.

ಅಷ್ಟು ಕಣ್ಣುಗಳು ನಿನ್ನ ಕಡೆ ತಿರುಗಿದ ಕೂಡಲೇ ದೇಹ ಅಪಾಯ ಬಂತೆಂದು ತಿಳಿಯುತ್ತದೆ. ಅಡ್ರಿನಾಲಿನ್ ಎಂಬ ಹಾರ್ಮೋನು ಏರಿ ಎದೆ ಹೊಡೆದುಕೊಳ್ಳುತ್ತದೆ. ಚರ್ಮದ ಕಡೆಗಿದ್ದ ರಕ್ತ ದೊಡ್ಡ ಸ್ನಾಯುಗಳಿಗೆ ಹೋಗುವುದರಿಂದ ಬೆರಳ ತುದಿ ತಣ್ಣಗಾಗುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಓಡುವುದಕ್ಕೆ ಸಜ್ಜಾದ ಸ್ನಾಯುಗಳನ್ನು ಅಲುಗದ ಹಾಗೆ ನಿಲ್ಲಿಸಿದರೆ ಅವು ನಡುಗದೆ ಇನ್ನೇನು ಮಾಡಬೇಕು? ಅದಕ್ಕೂ ನಿನ್ನ ಧೈರ್ಯಕ್ಕೂ ಸಂಬಂಧವಿಲ್ಲ ಮಗಳೇ.

ಇನ್ನು ಕಾಣುವ ಮಾತು. ಸಾವಿಟ್ಸ್‌ಕಿ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕಾರರು ತಮ್ಮ ಅಂಜಿಕೆ ಎಷ್ಟು ಕಂಡಿತೆಂದು ಅಂದುಕೊಂಡಿದ್ದರೋ ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿದುಕೊಂಡಿದ್ದ ಭಾಷಣಕಾರರು ಇನ್ನಷ್ಟು ಚೆನ್ನಾಗಿ ಮಾತಾಡಿದರು. ಅದಕ್ಕೇ ನಿನಗೂ ಮೊದಲೇ ಹೇಳುತ್ತಿದ್ದೇನೆ.

ಆದರೂ ನಡುಕವನ್ನು ಎತ್ತಿ ತೋರಿಸುವುದು ಒಂದಿದೆ, ತೆಳು ಹಾಳೆ. ಬೆರಳಿನ ಸಣ್ಣ ಅದುರು ಹಾಳೆಯ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ, ಮೈಕಿಗೆ ಪರಪರ ಸದ್ದೂ ಕೇಳುತ್ತದೆ. ಟಿಪ್ಪಣಿಯನ್ನು ಅಂಗೈಯಗಲದ ದಪ್ಪ ಕಾರ್ಡಿನಲ್ಲಿ ಬರೆದುಕೋ. ಕೈಯನ್ನು ಬಿಗಿಹಿಡಿದು ನಡುಕ ತಡೆಯಲು ಹೋಗಬೇಡ, ಬಿಗಿದಷ್ಟೂ ಹೆಚ್ಚುತ್ತದೆ. ಬದಲಿಗೆ ನಿನ್ನ ಸರದಿಗೆ ಮುಂಚೆ ಮುಷ್ಟಿಯನ್ನು 5 ಸೆಕೆಂಡು ಬಿಗಿದು ಒಮ್ಮೆಲೇ ಬಿಡು, 20 ಸೆಕೆಂಡು ಸುಮ್ಮನಿರು. ಬಿಟ್ಟಾಗ ಬೆರಳು ಭಾರವಾಗುವುದನ್ನು ಗಮನಿಸು. ಗಮನಿಸದೆ ಮಾಡಿದರೆ ಬರೀ ಕಸರತ್ತು. ಭುಜಕ್ಕೂ ಹೀಗೇ. ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರ ಪದ್ಧತಿಯಿಂದ ಬಂದ ಅಭ್ಯಾಸ ಇದು.

ನಾವು ಕಲಿಯುವಾಗ ಭಾಷಣವೆಂದರೆ ಬಾಯಿಪಾಠ, ಅಷ್ಟೇ. ಹೇಗೆ ನಿಲ್ಲಬೇಕು, ಹೇಗೆ ಉಸಿರಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಒಳ್ಳೊಳ್ಳೆ ಮಾತು ಬಲ್ಲವರು ಹಿಂದಿನ ಸಾಲಿನಲ್ಲೇ ಉಳಿದುಬಿಟ್ಟರು, ನೆನೆದರೆ ಈಗಲೂ ಸಂಕಟವಾಗುತ್ತದೆ. ನೀನು ಹಾಗೆ ಉಳಿಯಬಾರದೆಂದು ಇಷ್ಟುದ್ದ ಬರೆಯುತ್ತಿದ್ದೇನೆ, ಬೇಸರಿಸಬೇಡ.

"ಜೋರಾಗಿ ಉಸಿರೆಳೆದುಕೋ" ಎಂದು ಯಾರಾದರೂ ಹೇಳಿದರೆ ಕೇಳಬೇಡ. ಹೆದರಿದವರು ಎದೆಯ ಮೇಲ್ಭಾಗಕ್ಕೇ ಗಾಳಿ ತುಂಬಿಕೊಳ್ಳುತ್ತಾ ಹೋಗುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮುಗುಟ್ಟುತ್ತದೆ. ಕೈಯದೇ ಚಿಂತೆಯಾಗಿರುವ ನಿನಗೆ ಅದು ಇನ್ನೂ ಕೆಟ್ಟದ್ದು. ಎದೆಬಡಿತ ನಿಧಾನವಾಗುವುದು ಉಸಿರು ಬಿಡುವಾಗ. ಮೂಗಿನಿಂದ 4 ಎಣಿಸುವಷ್ಟು ಎಳೆದುಕೋ, ತುಟಿ ಸಣ್ಣಗೆ ತೆರೆದು 6 ಎಣಿಸುವಷ್ಟು ಬಿಡು. ಹೊಟ್ಟೆಯ ಮೇಲಿಟ್ಟ ಅಂಗೈ ಏಳಬೇಕು, ಭುಜ ಏಳಬಾರದು. ಐದಾರು ಸಲ ಸಾಕು.

ದವಡೆಯನ್ನೂ ನೋಡಿಕೋ. ಹಲ್ಲು ಕಚ್ಚಿರುತ್ತದೆ, ನಾಲಿಗೆ ಅಂಗುಳಿಗೆ ಒತ್ತಿರುತ್ತದೆ, ನಮಗೇ ತಿಳಿದಿರುವುದಿಲ್ಲ. ಅಲೆಕ್ಸಾಂಡರ್ ಎಂಬ ಆಸ್ಟ್ರೇಲಿಯದ ನಟನಿಗೆ ವೇದಿಕೆಯ ಮೇಲೆ ಧ್ವನಿ ಕಟ್ಟುತ್ತಿತ್ತು. ಕನ್ನಡಿ ಮುಂದೆ ನಿಂತು ನೋಡಿಕೊಂಡಾಗ, ಮಾತು ಶುರುಮಾಡುವಾಗಲೇ ತಲೆ ಹಿಂದಕ್ಕೆ ಎಳೆದುಕೊಂಡು ಗಂಟಲು ಅದುಮುತ್ತಿದ್ದದ್ದು ಕಂಡಿತು. ನೀನೂ ಕನ್ನಡಿ ಮುಂದೆ ಮೊದಲ ವಾಕ್ಯ ಮಾತ್ರ ಹೇಳಿ ನೋಡು. ಪೂರ್ತಿ ಭಾಷಣ ಬೇಡ, ಗಮನವೆಲ್ಲ ಮಾತಿನ ಕಡೆ ಹೋಗಿಬಿಡುತ್ತದೆ.

ಮಂಡಿಯನ್ನು ಹಿಂದಕ್ಕೆ ಬಿಗಿದು ನಿಲ್ಲಬೇಡ; ರಕ್ತ ಕಾಲಲ್ಲೇ ನಿಂತು ತಲೆ ಸುತ್ತಬಹುದು. ಪಾದಗಳ ನಡುವೆ ಸೊಂಟದಷ್ಟು ಅಗಲವಿರಲಿ. ಕೈ ನಡುಗುತ್ತಿದೆ ಎನಿಸಿದ ತಕ್ಷಣ ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ನೆಲಕ್ಕೆ ತಾಗಿವೆಯೇ ಎಂದು ಒಳಗೊಳಗೇ ನೋಡಿಕೋ. ಗಮನ ಕೈ ಬಿಟ್ಟು ಕಾಲಿಗೆ ಇಳಿಯುತ್ತದೆ.

ನೀನು ಮಾತಾಡಬೇಕಾದ ಸಭೆ ಯಾವತ್ತೆಂದು ಬರೆದಿಲ್ಲ. ಎರಡು ವಾರ ಇದ್ದರೆ ದಿನಕ್ಕೆ 10 ನಿಮಿಷ ಇವನ್ನೆಲ್ಲ ಮಾಡು. ಎರಡೇ ದಿನ ಇದ್ದರೆ ಉಸಿರು, ಪಾದ ಮತ್ತು ದಪ್ಪ ಕಾರ್ಡು ಸಾಕು, ಉಳಿದದ್ದು ಆಮೇಲೆ.

ನಿನ್ನ ದೊಡ್ಡಮ್ಮ