ಮಾತು ಕೇಳುವುದು ಅಂದರೆ

ಮಾನ್ಯ ಸಂಪಾದಕರೇ,

ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವುದಕ್ಕೆ ಕ್ರೈಸ್ತರು ಹೇಳುವ 'ರಕ್ಷಣೆ'ಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಎರಡು ಓದುಗರ ಪತ್ರಗಳನ್ನು ನೋಡಿದೆ. ನಂಬಿದರೆ ಸಾಕು ರಕ್ಷಣೆ ಸಿಗುತ್ತದೆ ಅಂದಮೇಲೆ ಆಜ್ಞೆಗಳು ಯಾಕೆ ಬೇಕು ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರು ಅದಕ್ಕೆ ಉತ್ತರವಾಗಿ, ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಇರುವುದನ್ನು ಚಾಚೂ ತಪ್ಪದೆ ಪಾಲಿಸಿದವರಿಗೆ ಮಾತ್ರ ರಕ್ಷಣೆ ಎಂದು ಬರೆದಿದ್ದರು. ನಾನು 19 ವರ್ಷದಿಂದ ಸಂಡೇ ಸ್ಕೂಲ್‌ನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಸುಮ್ನೆ ಇರಲೂ ಆಗಲಿಲ್ಲ.

ಮೊದಲು ನನ್ನ ಅಮ್ಮನ ವಿಷಯ ಹೇಳಿಬಿಡುತ್ತೇನೆ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ರಾತ್ರಿ ನಾನು ಸತ್ಯವೇದ ಓದಬೇಕು, ಅವಳು ಕೇಳಬೇಕು. ಒಮ್ಮೆ ಮತ್ತಾಯ 5ನೇ ಅಧ್ಯಾಯ ನಡೆಯುತ್ತಿತ್ತು. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎನ್ನುವ 23, 24ನೇ ವಚನಗಳು. "ಸಾಕು, ನಿಲ್ಸು" ಅಂದಳು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಅವಳು ಚಿಕ್ಕಮ್ಮನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಾನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದೆ. ಒಂದು ಗಂಟೆ ಮೇಲಾಯಿತು. ವಾಪಸ್ ಬಂದಾಗ ಕಣ್ಣು ಕೆಂಪಾಗಿತ್ತು. ಮುಖ ಒರೆಸಿಕೊಂಡು ಕೂತು, "ಹ್ಞೂಂ, ಮುಂದಕ್ಕೆ ಓದು" ಅಂದಳು.

ಅಮ್ಮ ಆವತ್ತು ರಕ್ಷಣೆ ಗಳಿಸಲು ಹೋದಳಾ? ಅವಳನ್ನೇ ಕೇಳಿದ್ದರೆ ಬೈಯುತ್ತಿದ್ದಳು. "ನಾನು ಸ್ವಾಮೀನ ಹಿಡ್ಕೊಂಡಿಲ್ಲ, ಸ್ವಾಮಿ ನನ್ನ ಹಿಡ್ಕೊಂಡಿದ್ದಾನೆ" ಎಂದು ದಿನಾ ಹೇಳುತ್ತಿದ್ದವಳು ಅವಳು. ಯೇಸುವಿನ ಅಪೊಸ್ತಲ, ಅಂದರೆ ಪ್ರಚಾರಕ, ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಹೇಳುವುದೂ ಇದೇ. 8, 9ನೇ ವಚನಗಳ ಪ್ರಕಾರ ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ. ನಾವು ಅಲ್ಲಿಗೇ ಓದು ನಿಲ್ಲಿಸಿಬಿಡುತ್ತೇವೆ. 10ನೇ ವಚನದಲ್ಲಿ ಪೌಲ, ಒಳ್ಳೆಯ ಕೆಲಸಗಳಿಗಾಗಿಯೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಿದ್ದಾನೆ ಎನ್ನುತ್ತಾನೆ. ಆಜ್ಞೆಗಳು ಯಾಕೆ ಎಂದು ಕೇಳಿದವರಿಗೆ ಉತ್ತರ ಒಂದೇ ಒಂದು ಸಾಲು ಕೆಳಗಿತ್ತು.

ಪೌಲ ನಂಬಿಕೆ ಸಾಕು ಎಂದ, ಸತ್ಯವೇದದಲ್ಲೇ ಇನ್ನೊಂದು ಪತ್ರ ಬರೆದ ಯಾಕೋಬ ಕ್ರಿಯೆ ಬೇಕು ಎಂದ, ಇಬ್ಬರಿಗೂ ಜಗಳ ಎಂದು ಜನ ಮಾತಾಡುವುದು ಹೊಸದೇನಲ್ಲ. ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಅಂಥವರೇ 1522ರಲ್ಲಿ, ಬೇರೆ ಪತ್ರಗಳ ಪಕ್ಕದಲ್ಲಿಟ್ಟರೆ ಯಾಕೋಬನದು ಹುಲ್ಲಿನಂಥ ಪತ್ರ ಎಂದು ಬರೆದಿದ್ದರು. ಆದರೆ ಇಬ್ಬರೂ ಕೈಯಿಡುವುದು ಒಂದೇ ವಚನದ ಮೇಲೆ. ಅಬ್ರಹಾಮನು ದೇವರನ್ನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿ (ದೇವರ ಮುಂದೆ ಸರಿಯಾದವನು ಎನ್ನುವ ಮಾನ್ಯತೆ) ಎಂದು ಸೇರಿತು ಎನ್ನುವ, ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 15:6. ಪೌಲ ಆ ಗಳಿಗೆಯನ್ನು ನೋಡುತ್ತಾನೆ. ಆಗ ಅಬ್ರಹಾಮನಿಗೆ ಮಗುವಿಲ್ಲ, ಸುನ್ನತಿಯೂ ಆಗಿಲ್ಲ, ದೇವರ ಮಾತು ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಯಾಕೋಬ ನೋಡುವುದು 22ನೇ ಅಧ್ಯಾಯವನ್ನು. ಅಲ್ಲಿ ಅದೇ ಅಬ್ರಹಾಮ ದೇವರ ಮಾತಿನಂತೆ ಮಗ ಇಸಾಕನನ್ನು ಬಲಿಕೊಡಲು ಬೆಟ್ಟ ಹತ್ತಿ ಯಜ್ಞವೇದಿಯ ಮೇಲೆ ಮಲಗಿಸಿದ್ದಾನೆ. ಲೆಕ್ಕ ಹಾಕಿ ನೋಡಿ. 16ನೇ ಅಧ್ಯಾಯದ ಕೊನೆಯಲ್ಲಿ ಅವನಿಗೆ 86 ವರ್ಷ. ಇಸಾಕ ಹುಟ್ಟಿದಾಗ 100. ಅಂದರೆ ಆ ನಂಬಿಕೆಗೂ ಈ ಬೆಟ್ಟಕ್ಕೂ ನಡುವೆ 14 ವರ್ಷಕ್ಕಿಂತ ಜಾಸ್ತಿ. ಮೊದಲ ದಿನವೇ ದೇವರು ಅವನನ್ನು ಒಪ್ಪಿಕೊಂಡಾಗಿತ್ತು. ಆ ನಂಬಿಕೆ ಬೆಳೆದು ಕೈಕಾಲಿಗೆ ಇಳಿದದ್ದು ಬೆಟ್ಟದ ಮೇಲೆ ಕಂಡಿತು.

ನಿಮಗೆ ಎರಡನೇ ಪತ್ರ ಬರೆದವರು ಸತ್ಯವೇದದ 'ಇಬ್ರಿಯರಿಗೆ' ಎಂಬ ಪತ್ರದ 5:9 ಕೊಟ್ಟಿದ್ದರು. ಕ್ರಿಸ್ತನು ತನಗೆ ವಿಧೇಯರಾಗುವ ಎಲ್ಲರಿಗೂ ನಿತ್ಯರಕ್ಷಣೆಗೆ ಕಾರಣನಾದನು ಎನ್ನುವ ವಚನ. ಅದು ನಿಜವೇ. ಆದರೆ ಒಂದು ವಚನ ಹಿಂದಕ್ಕೆ ಹೋಗಿ. ಮಗನಾಗಿದ್ದರೂ ಆತನು ಕಷ್ಟ ಅನುಭವಿಸಿ ವಿಧೇಯತೆ ಕಲಿತನು ಎಂದಿದೆ. ಶಿಲುಬೆಯ ತನಕ ಮಾತು ಕೇಳಿದವನು ಆತ. ನಮ್ಮ ಅರೆಬರೆ ವಿಧೇಯತೆ ನಮ್ಮನ್ನು ಎತ್ತಿ ನಿಲ್ಲಿಸುವುದಿಲ್ಲ, ಆತನ ವಿಧೇಯತೆ ಎತ್ತುತ್ತದೆ. ಚಾಚೂ ತಪ್ಪದೆ ಪಾಲಿಸಿದವರಿಗೆ ಮಾತ್ರ ಅಂದರೆ ನಮ್ಮಲ್ಲಿ ಉಳಿಯುವವರು ಯಾರು? ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಓದಲು ಹೊತ್ತಿರಲಿಲ್ಲ, ದೀಕ್ಷಾಸ್ನಾನ ಆಗಲಿಲ್ಲ. ಬಾಯಿ ಬಿಟ್ಟರೆ ಬೇರೇನೂ ಅವನ ಸ್ವಾಧೀನದಲ್ಲಿರಲಿಲ್ಲ. ಆ ಬಾಯಿಂದಲೇ ತನ್ನ ತಪ್ಪು ಒಪ್ಪಿಕೊಂಡ, ಜೊತೆಗಿದ್ದವನನ್ನು ಗದರಿಸಿದ, ಯೇಸುವೇ ನನ್ನನ್ನು ನೆನಪಿಸಿಕೋ ಎಂದ. ಅಷ್ಟಕ್ಕೆ ಪರದೈಸು (ಸ್ವರ್ಗ) ಸಿಕ್ಕಿತು.

ಇನ್ನು ಗ್ರಂಥದ ಮಾತು. ಸತ್ಯವೇದ ರಕ್ಷಣೆಯ ಜ್ಞಾನ ಕೊಡಬಲ್ಲದು ಎಂದು 2 ತಿಮೊಥೆಯ 3:15ರಲ್ಲಿದೆ. ಆ ಜ್ಞಾನ ಕ್ರಿಸ್ತನ ಮೇಲಿನ ನಂಬಿಕೆಯ ಮೂಲಕ ಎಂದೂ ಅದೇ ವಚನದಲ್ಲಿದೆ. ಯೋಹಾನ 5ರಲ್ಲಿ ಯೇಸು, ಗ್ರಂಥದಲ್ಲಿ ನಿತ್ಯಜೀವ ಇದೆ ಎಂದು ಹುಡುಕುತ್ತೀರಿ, ಅದು ನನ್ನ ಕಡೆಗೇ ಕೈ ತೋರಿಸುತ್ತದೆ, ಆದರೂ ನನ್ನ ಹತ್ತಿರ ಬರಲು ನಿಮಗೆ ಮನಸ್ಸಿಲ್ಲ ಎನ್ನುತ್ತಾನೆ. ಇದನ್ನು ಓದುವಾಗಲೆಲ್ಲ ನನಗೆ ನೋವಾಗುತ್ತದೆ. ನಾನು ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುತ್ತೇನೆ. ತಪ್ಪಿಲ್ಲದೆ ಹೇಳಿದವರಿಗೆ ಬಹುಮಾನವನ್ನೂ ಕೊಡುತ್ತೇನೆ. ಅಮ್ಮನಿಗೆ ಒಂದು ವಚನವೂ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಒಂದೇ ಮಾತಿದೆ, ಅಲ್ವಾ? 'ಕೇಳು'. ಕಿವಿಗೆ ಬಿದ್ದರೂ ಕೇಳಿದ್ದೇ, ಹೇಳಿದಂತೆ ನಡೆದರೂ ಮಾತು ಕೇಳಿದ್ದೇ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ವಿಧೇಯತೆಗೆ ಇರುವ 'ಹುಪಾಕೊಎ' ಎಂಬ ಪದ ಹುಟ್ಟಿದ್ದೂ ಕೇಳು ಎನ್ನುವ ಧಾತುವಿನಿಂದಲೇ. ನಂಬಿಕೆಯ ಅಪೊಸ್ತಲ ಎಂದು ನಾವು ಕರೆಯುವ ಪೌಲ, ರೋಮಾಪುರದವರಿಗೆ ಬರೆದ ಪತ್ರದ ಮೊದಲಲ್ಲೂ (1:5) ಕೊನೆಯಲ್ಲೂ (16:26) 'ನಂಬಿಕೆಯ ವಿಧೇಯತೆ' ಎಂದೇ ಬರೆಯುತ್ತಾನೆ. ಎರಡನ್ನೂ ಅವನು ಬೇರೆ ಮಾಡಲಿಲ್ಲ.

ಈ ವಿಷಯಕ್ಕೆ ಕ್ರೈಸ್ತ ಸಭೆಗಳು (ಪಂಗಡಗಳು) ಒಡೆದು ನೂರಾರು ವರ್ಷ ದೂರ ನಿಂತವು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ. ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಎಂದು ಒಪ್ಪಿದರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು, ಹೀಗೆ ಬೇರೆ ಪ್ರಾಟೆಸ್ಟೆಂಟ್ ಪಂಗಡಗಳೂ ಜೊತೆಯಾದವು. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ. ಆದರೂ ಆ ಸುದ್ದಿ ಓದಿದ ದಿನ ನನಗೆ ಚಿಕ್ಕಮ್ಮನ ಮನೆಗೆ ಹೊರಟ ಅಮ್ಮನ ನೆನಪಾಯಿತು.

ಪತ್ರ ಬರೆದ ಇಬ್ಬರಿಗೂ ನನ್ನದೊಂದು ವಿನಂತಿ. ಆದಿಕಾಂಡ 15ರಿಂದ 22ರ ತನಕ ಒಂದೇ ಸಲ ಕೂತು ಓದಿ. ಆಮೇಲೆ ರೋಮಾಪುರದವರಿಗೆ 4, ಯಾಕೋಬ 2 ಓದಿ. ಆಗುವುದಾದರೆ ಯಾರಾದರೂ ಗಟ್ಟಿಯಾಗಿ ಓದಲಿ, ನೀವು ಕೇಳಿ. ಎಲ್ಲಾದರೂ ಎದ್ದು ಹೋಗಬೇಕು ಅನ್ನಿಸಿದರೆ ಹೋಗಿ ಬನ್ನಿ. ಓದು ಕಾಯುತ್ತದೆ.

ಇಂತಿ,
ಒಬ್ಬ ಸಂಡೇ ಸ್ಕೂಲ್ ಟೀಚರ್